ಬ್ಯಾಕ್ಟೀರಿಯಾ ಬಳಸಿದರೆ ಕ್ರಾಸಿಂಗ್ ಇಲ್ಲದೆ ಗಿಡ್ಡ ತಳಿ ಸಿಗುತ್ತಾ?

ಕುಂಡದ ಹೂಗಿಡ ಉದ್ದ ಬೆಳೆಯದಂತೆ ಔಷಧಿ ಹೊಡೆಯೋದು ನಿಮಗೆ ಬೇಡ. ಅಗ್ರೋಬ್ಯಾಕ್ಟೀರಿಯಂ ರೈಜೋಜೀನ್ಸ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾ ಹಿಡಿದರೆ ಅದು ನೈಸರ್ಗಿಕವೂ ಹೌದು, ತಳಿಗಳನ್ನು ಕೂಡಿಸೋ ಕ್ರಾಸಿಂಗ್ ರಗಳೆಯೂ ತಪ್ಪುತ್ತೆ ಅಲ್ವಾ ಅಂತ ಕೇಳಿದ್ದೀರಿ. ಇದೇ ಲೆಕ್ಕಾಚಾರ ಹಾಕಿಕೊಂಡು ನಾನೂ ಒಮ್ಮೆ ಕಲಾಂಚೊ ಎಲೆ ಕತ್ತರಿಸಲು ಕೂತಿದ್ದೆ.

ಶುರುವಿನಲ್ಲಿ ಎಲ್ಲ ಚೆನ್ನಾಗೇ ನಡೆಯಿತು. ಎಲೆ ಚೂರುಗಳನ್ನು ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣದಲ್ಲಿ ಅದ್ದಿ, ಕತ್ತಲಲ್ಲಿಟ್ಟು, ಆಮೇಲೆ ತೊಳೆದು, ಹಾರ್ಮೋನ್ ಇಲ್ಲದ ಮೀಡಿಯಾಗೆ (ಗಿಡದ ಚೂರು ಬೆಳೆಸುವ ಪೋಷಕಾಂಶದ ಮಿಶ್ರಣ) ಹಾಕಿದೆ. ಅದರಲ್ಲಿ ಆ್ಯಂಟಿಬಯೋಟಿಕ್ ಇತ್ತು. ಕತ್ತರಿಸಿದ ಅಂಚಿನಿಂದ ಬಿಳಿ ಬೇರು ಹೊರಟವು. ಮೈತುಂಬ ಕೂದಲು, ಕೆಳಕ್ಕಿಳಿಯುವ ಬದಲು ಎಲ್ಲ ಕಡೆಗೂ ಹರಡೋ ಸ್ವಭಾವ. ಈ ಬ್ಯಾಕ್ಟೀರಿಯಾ ತನ್ನೊಳಗಿನ ಉಂಗುರದಂಥ ಡಿಎನ್‌ಎ ಆದ ಆರ್‌ಐ ಪ್ಲಾಸ್ಮಿಡ್‌ನಿಂದ ಟಿ-ಡಿಎನ್‌ಎ ಅನ್ನೋ ತುಂಡನ್ನು ಗಿಡದ ಕೋಶಕ್ಕೆ ಸೇರಿಸುತ್ತೆ. ಅದರೊಳಗಿನ ರೋಲ್ ಜೀನ್‌ಗಳಿಂದಲೇ ಈ ಬೇರು. ಆ ಬೇರಿನಿಂದ ಎಬ್ಬಿಸಿದ ಗಿಡ ಗಿಡ್ಡಗಾಗಿ ಪೊದೆ ಕಟ್ಟೋದೂ ಅವುಗಳಿಂದಲೇ.

ನಾನು ಎಡವಿದ್ದು ಇದರ ನಂತರ. ಬೇರನ್ನು ಎಲೆಯಿಂದ ಬಿಡಿಸದೆ, ಚೂರು ಸಮೇತ ಚಿಗುರಿನ ಮೀಡಿಯಾಗೆ ಸಾಗಿಸಿದೆ. ಚಿಗುರು ಬಂತು. ರೋಲ್‌ಬಿ ಜೀನ್‌ಗೆ ಪಿಸಿಆರ್ (ಜೀನ್ ಇದೆಯೋ ಇಲ್ಲವೋ ಹುಡುಕುವ ಪರೀಕ್ಷೆ) ಮಾಡಿದೆ, ಜೀನ್ ಸಿಕ್ಕಿತು ಅನ್ನೋ ಗುರುತಾಗಿ ಜೆಲ್ ಮೇಲೆ ಸಾಲಾಗಿ ಬ್ಯಾಂಡ್ ಮೂಡಿತು. ಖುಷಿಯೋ ಖುಷಿ. ಒಳ್ಳೇ ಸೊಂಪಾಗಿ ಬೆಳೆದವನ್ನೇ ಆರಿಸಿಕೊಂಡು, ದೊಡ್ಡ ಹೂವಿನ ತಳಿ ಜೊತೆ ಕ್ರಾಸ್ ಮಾಡಿದೆ. ಸಸಿಗಳೆಲ್ಲ ನೀಟಾಗಿ ಉದ್ದಕ್ಕೆ ಎದ್ದು ನಿಂತವು. ಜೀನ್ ಸೇರಿದ್ದರೆ ಕಾಣಬೇಕಿದ್ದ ಸುಕ್ಕು ಒಂದರ ಎಲೆಯಲ್ಲೂ ಇರಲಿಲ್ಲ.

ರೋಲ್‌ಬಿ ಜೀನ್ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್‌ನಲ್ಲೂ ಇರುತ್ತೆ. ಎಲೆಯ ಕೋಶಗಳ ಸಂದಿಯಲ್ಲಿ ನಾಲ್ಕು ಬ್ಯಾಕ್ಟೀರಿಯಾ ಉಳಿದಿದ್ದರೂ ಸಾಕು, ಪಿಸಿಆರ್ ಅದನ್ನೇ ಹಿಡಿದು ಬ್ಯಾಂಡ್ ತೋರಿಸುತ್ತೆ. ಆ್ಯಂಟಿಬಯೋಟಿಕ್ ಅವನ್ನು ಅದುಮಿಟ್ಟಿತ್ತು, ಪೂರ್ತಿ ಕೊಂದಿರಲಿಲ್ಲ. ಕಳ್ಳನ ಬೆರಳಚ್ಚು ಸಿಕ್ಕಿತು ಅಂತ ನಾನು ಕುಣಿದೆ, ಕಳ್ಳ ಮನೆಯೊಳಗೇ ಇದ್ದ. ಮಾಡಬೇಕಿದ್ದದ್ದು ಇನ್ನೊಂದೇ ಪಿಸಿಆರ್, ವಿರ್‌ಡಿ2 ಜೀನ್‌ಗೆ. ವಿರ್ ಜೀನ್‌ಗಳೂ ಅದೇ ಪ್ಲಾಸ್ಮಿಡ್‌ನಲ್ಲಿವೆ, ಆದರೆ ಟಿ-ಡಿಎನ್‌ಎ ಆಚೆಗೆ. ಹಾಗಾಗಿ ಅವು ಗಿಡಕ್ಕೆ ದಾಟೋದಿಲ್ಲ. ರೋಲ್ ಇದ್ದು ವಿರ್ ಇಲ್ಲದಿದ್ದರೆ ಗಿಡ ಅಸಲಿ. ಎರಡೂ ಕಂಡರೆ ಬ್ಯಾಕ್ಟೀರಿಯಾ ಇನ್ನೂ ಅಲ್ಲೇ ಇದೆ, ಗಿಡದ ಬಗ್ಗೆ ಏನೂ ಹೇಳುವಂತಿಲ್ಲ. ಆಮೇಲೆ ಪರೀಕ್ಷಿಸಿದಾಗ ನನ್ನ ಸೊಂಪು ಗಿಡಗಳಲ್ಲಿ ಎರಡೂ ಬ್ಯಾಂಡ್ ಇದ್ದವು. ಸೊಂಪಾಗಿದ್ದದ್ದೇ ಅನುಮಾನಕ್ಕೆ ಕಾರಣ ಆಗಬೇಕಿತ್ತು. ಜೀನ್ ಸೇರಿದ ಗಿಡ ಮೊದಮೊದಲು ಮುದುಡಿಕೊಂಡು, ನೋಡೋಕೆ ಚೆನ್ನಾಗಿರಲ್ಲ. ಅಂಥವನ್ನೇ ನಾನು ಮೂಲೆಗೆ ತಳ್ಳಿದ್ದೆ. ಒಂದು ಇಡೀ ಹಂಗಾಮು ಹೋಯ್ತು.

ಇನ್ನು ಕ್ರಾಸಿಂಗ್ ತಪ್ಪುತ್ತೆ ಅನ್ನೋ ಮಾತು. ಖಂಡಿತ ಇಲ್ಲ. ಮೊದಲ ಗಿಡಗಳಲ್ಲಿ ಎಲೆ ಸುಕ್ಕು, ಹೂವು ತಡ, ಫಲವಂತಿಕೆ ಕಮ್ಮಿ. ಮಾರೋ ಗಿಡ ಅಲ್ಲ ಅದು, ಕ್ರಾಸಿಂಗ್‌ಗೆ ಒಂದು ಪೋಷಕ ಗಿಡ ಅಷ್ಟೇ. ಒಳ್ಳೇ ತಳಿಗಳ ಜೊತೆ ಕೂಡಿಸಿ, ಮುಂದಿನ ಪೀಳಿಗೆಗಳಲ್ಲಿ ಗಿಡ್ಡತನ ಉಳಿದು ಸುಕ್ಕು ಕಮ್ಮಿಯಾದವನ್ನು ಹುಡುಕಬೇಕು. ತಾಳ್ಮೆ ಇಲ್ಲದವರಿಗೆ ಗಿಡ ಉದ್ದ ಬೆಳೆಯದಂತೆ ತಡೆಯೋ ಪ್ಯಾಕ್ಲೋಬ್ಯುಟ್ರಜಾಲ್ ಔಷಧಿ ಸಿಂಪಡಣೆಯೇ ವಾಸಿ.

ನೈಸರ್ಗಿಕ ಅನ್ನೋದರಲ್ಲಿ ನನಗೆ ತಕರಾರಿಲ್ಲ. ಸಿಹಿಗೆಣಸಿನಲ್ಲಿ ಅಗ್ರೋಬ್ಯಾಕ್ಟೀರಿಯಂನ ಡಿಎನ್‌ಎ ತಾನಾಗೇ ಸೇರಿಕೊಂಡಿದೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷಿಸಿದ 291 ಕೃಷಿ ಮಾದರಿಗಳಲ್ಲೂ ಅದು ಸಿಕ್ಕಿತ್ತು. ನಾವು ತಿನ್ನುತ್ತಲೇ ಇದ್ದೇವೆ. ಯುರೋಪಿಯನ್ ಒಕ್ಕೂಟದ 2001/18 ನಿರ್ದೇಶನವೂ, ಪ್ರಯೋಗಾಲಯದಲ್ಲಿ ಜೋಡಿಸಿದ ಡಿಎನ್‌ಎ ಬಳಸದಿದ್ದರೆ ನೈಸರ್ಗಿಕ ಪ್ರಕ್ರಿಯೆಗಳನ್ನು ಕುಲಾಂತರಿ ತಂತ್ರದ ಪಟ್ಟಿಯಿಂದ ಹೊರಗಿಡುತ್ತದೆ. ಎಲ್ಲ ದೇಶದ ನಿಯಮ ಹಾಗಿರಲ್ಲ, ಕೆಲಸ ಶುರು ಮಾಡೋ ಮೊದಲೇ ವಿಚಾರಿಸಿಕೊಳ್ಳಿ. ಮತ್ತೆ, ಬೀಜ ಅಥವಾ ಕಾಳಿಗಾಗಿ ಬೆಳೆಯೋ ಗಿಡ ಆದರೆ ಇದರ ಸಹವಾಸವೇ ಬೇಡ, ಫಲವಂತಿಕೆ ಕಮ್ಮಿಯಾದರೆ ಅಲ್ಲಿ ಏನು ಉಳಿಯುತ್ತೆ?