ಟ್ರಾನ್ಸ್‌ಮಿಟರ್ ಆಫ್ ಮಾಡಿದರೂ ಮೋಟರ್ ನಿಲ್ಲದಿದ್ದರೆ
ನಿಮ್ಮ ರೇಡಿಯೋ ನಿಯಂತ್ರಿತ ಮಾದರಿ ವಿಮಾನದ ಟ್ರಾನ್ಸ್‌ಮಿಟರ್ (ಕೈಯಲ್ಲಿರುವ ರಿಮೋಟ್) ಆಫ್ ಮಾಡಿದರೂ ಮೋಟರ್ ತಿರುಗುತ್ತಿದೆ, ಅದಕ್ಕೇ ಸ್ಪರ್ಧೆಯ ತಪಾಸಣೆಯಲ್ಲಿ ಫೇಲ್ ಮಾಡಿದರು ಅಂದಿದ್ದೀರಿ. ಬಹುಶಃ ನಿಮ್ಮ ರಿಸೀವರಿನ ಫೇಲ್‌ಸೇಫ್ (ಸಿಗ್ನಲ್ ತಪ್ಪಿದಾಗ ಏನು ಮಾಡಬೇಕೆಂಬ ಸೆಟ್ಟಿಂಗ್) ‘ಹೋಲ್ಡ್’ನಲ್ಲಿದೆ, ಸಿಗ್ನಲ್ ಹೋದಾಗ ಕೊನೆಯ ಥ್ರಾಟಲ್ಲನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಕೆಟ್ಟಿರುವ ಸಾಧ್ಯತೆ ಕಡಿಮೆ.

ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ, ಇದರಲ್ಲಿ ರಾಜಿ ಬೇಡ. ಥ್ರಾಟಲ್ ಪೂರ್ತಿ ಕೆಳಗಿಟ್ಟು ಫೇಲ್‌ಸೇಫ್ ಸೆಟ್ ಮಾಡಿ. ಕೆಲವು ರಿಸೀವರ್‌ಗಳಿಗೆ ಮತ್ತೆ ಬೈಂಡ್ ಮಾಡಬೇಕಾಗುತ್ತದೆ (ಟ್ರಾನ್ಸ್‌ಮಿಟರ್ ಜೊತೆ ಜೋಡಿಸಬೇಕು), ಮ್ಯಾನ್ಯುಯಲ್ ನೋಡಿಕೊಳ್ಳಿ. ಆಮೇಲೆ ಸ್ವಲ್ಪ ಥ್ರಾಟಲ್ ಕೊಟ್ಟು, ಮೋಟರ್ ತಿರುಗುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಮೋಟರ್ ನಿಲ್ಲಬೇಕು. ಸ್ಟಿಕ್ ಕೆಳಗಿಟ್ಟು ಪರೀಕ್ಷಿಸಿದರೆ ಹೋಲ್ಡ್‌ನಲ್ಲಿದ್ದರೂ ಸರಿಯಾಗಿರುವಂತೆಯೇ ಕಾಣುತ್ತದೆ!

ಆರ್ಮಿಂಗ್ ಪ್ಲಗ್ (ಕಿತ್ತರೆ ಮೋಟರಿಗೆ ಕರೆಂಟ್ ಕಡಿಯುವ ಪ್ಲಗ್) ಇಲ್ಲದಿದ್ದರೆ ಈಗಲೇ ಹಾಕಿಬಿಡಿ: ಬ್ಯಾಟರಿಯ ಕೆಂಪು ವೈರಿನಲ್ಲಿ, ಹೊರಗಿನಿಂದ ಕೀಳುವಂತೆ, ಪ್ರೊಪೆಲ್ಲರಿನಿಂದ ದೂರ. ನಿಮ್ಮ ಕರೆಂಟಿಗೆ ತಕ್ಕ ಎಕ್ಸ್‌ಟಿ60 ಅಥವಾ ಎಕ್ಸ್‌ಟಿ90 ಕನೆಕ್ಟರನ್ನು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಮೈದಾನದಲ್ಲಿ ಟ್ರಾನ್ಸ್‌ಮಿಟರ್ ಆನ್, ಥ್ರಾಟಲ್ ಕೆಳಗೆ, ಕೊನೆಗೆ ಪ್ಲಗ್.