‘ಗುಂಡು ಹಾರಿತು’ ಎಂದು ಬರೆದವರಿಗೆ

ಪ್ರೀತಿಯ ಲೇಖಕರಿಗೆ ನಮಸ್ಕಾರ.

ಹ್ಯೂಸ್ಟನ್ನಿನಿಂದ ನೀವು ಕಳಿಸಿದ ‘ರಾತ್ರಿ ಪಾಳಿ’ ಕಥೆ ಕೈಸೇರಿ ಹದಿನೈದು ದಿನವಾಯಿತು. ಬಂದ ಕಥೆಗಳಿಗೆಲ್ಲ ಎರಡು ಸಾಲಿನ ಉತ್ತರ ಬರೆದು ಮುಗಿಸುವುದು ನನ್ನ ರೂಢಿ. ನಿಮ್ಮದಕ್ಕೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಐದನೆಯ ಪುಟದವರೆಗೆ ಖುಷಿಯಿಂದ ಓದಿದೆ, ಏಳನೆಯ ಪುಟಕ್ಕೆ ಬಂದಾಗ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೆಚ್ಚಿದ್ದನ್ನು ಮೊದಲು ಹೇಳುತ್ತೇನೆ. ಗ್ಯಾಸ್ ಸ್ಟೇಷನ್ನಿನ ಅಂಗಡಿಯಲ್ಲಿ ರಾತ್ರಿ ಹನ್ನೊಂದಕ್ಕೆ ಒಣ ಬ್ರೆಡ್ಡು ತಿನ್ನುತ್ತಿರುವ ಹಾಸನದ ಹುಡುಗ, ಇಲ್ಲಿ ಬೆಳಗಿನ ಹತ್ತೂವರೆಗೆ ಸೊಪ್ಪು ಬಿಡಿಸುತ್ತ ಕೂತ ಅಮ್ಮನಿಗೆ ಫೋನಿನಲ್ಲಿ ‘ಅನ್ನ ಸಾರು ಮಾಡ್ಕೊಂಡೆ ಕಣಮ್ಮ’ ಅನ್ನುವುದು ಚೆನ್ನಾಗಿದೆ. ಮಳೆಯೂ ಚೆನ್ನಾಗಿದೆ. ಭಾಷೆ ಎಲ್ಲೂ ತಡವರಿಸುವುದಿಲ್ಲ.

ಈಗ ಏಳನೆಯ ಪುಟ. ಮುಖವಾಡ ಹಾಕಿಕೊಂಡವನೊಬ್ಬ ಪಿಸ್ತೂಲು ಹಿಡಿದು ಒಳಗೆ ನುಗ್ಗುತ್ತಾನೆ, ಗಲ್ಲಾಪೆಟ್ಟಿಗೆಯ ದುಡ್ಡು, ಗಿರಾಕಿಗಳ ಪರ್ಸು ಎಲ್ಲ ಬಾಚಿಕೊಳ್ಳುತ್ತಾನೆ. ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಗಿರಾಕಿಯೊಬ್ಬ ಅವನನ್ನು ಹೊಡೆದುರುಳಿಸುತ್ತಾನೆ. ನೀವು ಬರೆದದ್ದು ಹೀಗೆ: ‘ಗಿರಾಕಿ ಅಂಗಿ ಎತ್ತಿ ಸೊಂಟದಿಂದ ಬಂದೂಕು ಹೊರತೆಗೆದ. ರಿವಾಲ್ವರಿನ ಸೇಫ್ಟಿಯನ್ನು ಹೆಬ್ಬೆರಳಿನಿಂದ ಸರಿಸಿದ. ಮರುಕ್ಷಣ ಗುಂಡು ಹಾರಿತು. ಒಂದರ ಹಿಂದೊಂದು ಗುಂಡುಗಳು ಸಿಡಿದವು. ಕಳ್ಳ ಎದೆ ಹಿಡಿದು ನೆಲಕ್ಕುರುಳಿದ. ಪಿಸ್ತೂಲಿನ ಖಾಲಿ ತೋಟಾಗಳು ಟಣ್ ಟಣ್ ಎಂದು ಬಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು.’

ಒಬ್ಬನ ಕೈಯಲ್ಲಿರುವ ಒಂದೇ ವಸ್ತು ಏಳು ವಾಕ್ಯಗಳಲ್ಲಿ ಬಂದೂಕೂ ಆಯಿತು, ರಿವಾಲ್ವರೂ ಆಯಿತು, ಪಿಸ್ತೂಲೂ ಆಯಿತು. ಬಂದೂಕು ಅಂದರೆ ನಮ್ಮ ಓದುಗರ ಕಣ್ಣಿಗೆ ಕಟ್ಟುವುದು ಬ್ಯಾಂಕಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ ಕಾವಲುಗಾರನ ಹೆಗಲಿನಲ್ಲಿರುವ ಉದ್ದನೆಯದು. ಅದನ್ನು ಯಾರೂ ಅಂಗಿಯೊಳಗೆ ಮುಚ್ಚಿಟ್ಟುಕೊಳ್ಳಲಾರರು. ರಿವಾಲ್ವರಿನಲ್ಲಿ ಹೊಡೆದ ತೋಟಾದ ಖಾಲಿ ಸಿಪ್ಪೆ ಅದರ ಉರುಳೆಯೊಳಗೇ ಉಳಿಯುತ್ತದೆ. ಕೈಯಾರೆ ತೆಗೆದು ಸುರಿಯುವ ತನಕ ಅದು ನೆಲಕ್ಕೆ ಬೀಳುವುದಿಲ್ಲ. ಪಕ್ಕಕ್ಕೆ ಹಾರಿ ಬೀಳುವುದು ಪಿಸ್ತೂಲಿನಿಂದ. ಹೆಬ್ಬೆರಳಿನಿಂದ ಸರಿಸುವ ಸೇಫ್ಟಿ ರಿವಾಲ್ವರಿಗೆ ಸಾಮಾನ್ಯವಾಗಿ ಇರುವುದೇ ಇಲ್ಲ. ಅಲ್ಲಿ ಬಹಳ ಜನ ಇಟ್ಟುಕೊಳ್ಳುವ ಗ್ಲಾಕ್ ಪಿಸ್ತೂಲಿನಲ್ಲೂ ಸಾಮಾನ್ಯವಾಗಿ ಅದು ಟ್ರಿಗರಿನಲ್ಲೇ ಅಡಗಿರುತ್ತದೆ.

ಇಷ್ಟು ಸಣ್ಣದಕ್ಕೆ ಇಷ್ಟು ಮಾತೇಕೆ ಅನ್ನಬಹುದು ನೀವು. ನಿಮ್ಮ ಗಿರಾಕಿ ಅದನ್ನು ದಿನವೂ ಹೊತ್ತು ತಿರುಗುವ ಮನುಷ್ಯ. ಕಾರಿನಲ್ಲಿ ಕೂತಾಗ ಅದು ಪಕ್ಕೆಗೆ ಒತ್ತುತ್ತದೆ. ಅದು ಎದ್ದು ಕಾಣದ ಹಾಗೆ ಅವನು ಒಂದು ಅಳತೆ ದೊಡ್ಡ ಅಂಗಿ ಹಾಕುತ್ತಾನೆ. ತೆಗೆಯುವಾಗ ಅಂಗಿಯ ಅಂಚು ಸಿಕ್ಕಿಹಾಕಿಕೊಂಡರೆ ಕೆಟ್ಟೆ ಅನ್ನುವ ಹೆದರಿಕೆ ಅವನಿಗೆ ಸದಾ ಇರುತ್ತದೆ. ಕೈಯಲ್ಲಿರುವುದು ಯಾವುದು ಅಂತ ಅವನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಹಾಗಾಗಿ ಆ ಪುಟದಲ್ಲಿ ಅವನಿಗೆ ಕೈಯೇ ಇಲ್ಲ. ನೀವಿರುವುದು ಟೆಕ್ಸಾಸಿನಲ್ಲಿ. ನಿಮ್ಮ ಆಫೀಸಿನಲ್ಲೇ ಯಾರಾದರೂ ಒಬ್ಬರು ಇಟ್ಟುಕೊಂಡಿರುತ್ತಾರೆ. ಕೇಳಿದರೆ ಹೇಳುತ್ತಾರೆ.

ಆದರೆ ನನಗೆ ಸಿಟ್ಟು ತರಿಸಿದ್ದು ಮೂರನೆಯ ವಾಕ್ಯ: ‘ಮರುಕ್ಷಣ ಗುಂಡು ಹಾರಿತು.’

ಅಂಗಿ ಎತ್ತಿದ್ದು ಗಿರಾಕಿ. ಹೊರತೆಗೆದದ್ದು ಗಿರಾಕಿ. ಸೇಫ್ಟಿ ಸರಿಸಿದ್ದೂ ಅವನೇ. ಹೊಡೆಯುವ ಹೊತ್ತು ಬಂದ ಕೂಡಲೇ ಅವನು ವಾಕ್ಯದಿಂದ ಮಾಯ. ಗುಂಡು ತಾನಾಗಿ ಹಾರಿತು, ಆಮೇಲಿನವು ತಾವಾಗಿ ಸಿಡಿದವು, ಕಳ್ಳ ತಾನಾಗಿ ಉರುಳಿದ. ಕನ್ನಡದಲ್ಲಿ ‘ಹಾರಿತು’ ಇದೆ, ‘ಹಾರಿಸಿದ’ ಇದೆ. ನಡುವೆ ಇರುವುದು ಒಂದು ‘ಇಸು’. ಆ ‘ಇಸು’ ಬಿಟ್ಟಿದ್ದಕ್ಕೆ ಒಂದು ಜೀವ ಹೋದ ಲೆಕ್ಕ ಯಾರ ತಲೆಗೂ ಬರದೆ ಹೋಯಿತು.

ಈ ತಪ್ಪನ್ನು ನಾನೂ ಮಾಡಿದ್ದೇನೆ. 1989ರಲ್ಲಿ, ಮಲೆನಾಡಿನ ಅಂಚಿನ ಒಂದು ಊರಿನಲ್ಲಿ ಜಿಲ್ಲಾ ಪತ್ರಿಕೆಯೊಂದಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಸಕಲೇಶಪುರದ ಆಚೆಯ ಹಳ್ಳಿಯಿಂದ ಫೋನು ಬಂತು, ಶಿಕಾರಿಗೆ ಹೋದಲ್ಲಿ ಒಬ್ಬ ಸತ್ತಿದ್ದಾನೆ ಅಂತ. ‘ಕೋವಿ ಸಿಡಿದು ಯುವಕ ಸಾವು’ ಎಂದು ಶೀರ್ಷಿಕೆ ಕೊಟ್ಟು ಎಂಟು ಸಾಲು ಬರೆದು ಸುದ್ದಿ ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಓದಿದರು. ‘ಕೋವಿ ಯಾರ ಕೈಲಿತ್ತಯ್ಯ?’ ಅಂದರು. ಗೊತ್ತಿಲ್ಲ ಸರ್ ಅಂದೆ. ‘ಗೊತ್ತಿಲ್ಲದಿದ್ರೆ ಸಿಡೀತು ಅಂತ ಹೆಂಗೆ ಬರೆದೆ?’ ಅಂದರು. ಬೈಯಲಿಲ್ಲ. ಮಾರನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಹೋಗು ಅಂದು ಇಪ್ಪತ್ತು ರೂಪಾಯಿ ಕೊಟ್ಟರು.

ಬಸ್ಸು ಇಳಿದು ಏಲಕ್ಕಿ ತೋಟದ ದಾರಿಯಲ್ಲಿ ಎರಡು ಮೈಲಿ ನಡೆದೆ. ಮಳೆ ಆಗಷ್ಟೇ ನಿಂತಿತ್ತು. ಸತ್ತವನ ಮನೆಯ ಮುಂದೆ ಜನ. ಪಕ್ಕದ ಮನೆಯ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು, ಐವತ್ತರ ಆಸುಪಾಸು, ಪೊಲೀಸರು ಬರಲಿ ಅಂತ ಕಾಯುತ್ತ. ಸತ್ತ ಹುಡುಗ ಅವರಿಗೆ ಭಾವಮೈದುನ. ನಾನು ಏನು ಕೇಳಬೇಕೆಂದು ತೋಚದೆ, ‘ಈಡು ಹೆಂಗೆ ಹೋಯ್ತು?’ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಬೆಳಗಿಂದ ಎಲ್ರೂ ಈಡು ಹೋಯ್ತು, ಈಡು ಹೋಯ್ತು ಅಂತಾವ್ರೆ. ಹೋಗ್ಲಿಲ್ಲ. ನಾನು ಹೊಡ್ದೆ. ಹಂದಿ ಅಂತ ಮಾಡಿ ಹೊಡ್ದೆ’ ಅಂದರು.

ಆ ‘ನಾನು ಹೊಡ್ದೆ’ ಅನ್ನುವ ಎರಡು ಶಬ್ದ ಈ ಮೂವತ್ತೈದು ವರ್ಷಗಳ ಮೇಲೂ ನನ್ನ ಕಿವಿಯಲ್ಲಿದೆ. ಊರೆಲ್ಲ ಅವರಿಗೆ ಕರುಣೆಯಿಂದ ಒಂದು ವಾಕ್ಯ ಕೊಟ್ಟಿತ್ತು. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ನಿಮ್ಮ ಗಿರಾಕಿಗೆ ಆ ವಾಕ್ಯವನ್ನು ನೀವು ಅವನು ಕೇಳುವ ಮೊದಲೇ ಕೊಟ್ಟುಬಿಟ್ಟಿದ್ದೀರಿ.

ಇನ್ನೊಂದು ಮಾತು. ಕಥೆಯ ಜೊತೆಗಿನ ಪತ್ರದಲ್ಲಿ, 2023ರ ಜನವರಿ 5ರ ರಾತ್ರಿ ಹ್ಯೂಸ್ಟನ್ನಿನ ಟಾಕೊ ಹೋಟೆಲಿನಲ್ಲಿ ನಡೆದದ್ದನ್ನೇ ಅಂಗಡಿಗೆ ತಂದಿದ್ದೇನೆ ಎಂದು ಬರೆದಿದ್ದೀರಿ. ಆ ಘಟನೆ ನನಗೆ ಗೊತ್ತು. ಕ್ಯಾಮೆರಾದಲ್ಲಿ ದಾಖಲಾಗಿ ಜಗತ್ತೇ ನೋಡಿದೆ. ಮುಖ ಮುಚ್ಚಿಕೊಂಡವನು ಮೇಜಿನಿಂದ ಮೇಜಿಗೆ ಹೋಗಿ ದುಡ್ಡು ಕಸಿದುಕೊಂಡ. ಅವನು ತನ್ನನ್ನು ದಾಟಿ ಬಾಗಿಲ ಕಡೆ ತಿರುಗಿದ ಮೇಲೆ ಕೂತಿದ್ದ ಗಿರಾಕಿ ಹಿಂದಿನಿಂದ ಹೊಡೆದ. ಬಿದ್ದ ಮೇಲೂ ಹತ್ತಿರ ಹೋಗಿ ಹೊಡೆದ. ಒಟ್ಟು ಒಂಬತ್ತು ಸಲ. ಆಮೇಲೆ ಸತ್ತವನ ಕೈಯಲ್ಲಿದ್ದುದನ್ನು ಎತ್ತಿ ನೋಡಿದರೆ ಅದು ನಿಜವಾದ ಪಿಸ್ತೂಲಲ್ಲ, ಬರೀ ಆಟಿಕೆ. ಅದನ್ನು ಎಸೆದ. ಕಸಿದುಕೊಂಡಿದ್ದ ದುಡ್ಡನ್ನು ಅವರವರಿಗೆ ಹಿಂತಿರುಗಿಸಿ ಹೊರಗೆ ನಡೆದ. ಅದೇ ವರ್ಷ ಜೂನಿನಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಅವನ ಮೇಲೆ ಆರೋಪ ಹೊರಿಸಲು ಒಪ್ಪಲಿಲ್ಲ.

ನಿಮ್ಮ ಕಥೆಯಲ್ಲಿ ಬೆನ್ನು ಎದೆಯಾಗಿದೆ. ಒಂಬತ್ತು ‘ಒಂದರ ಹಿಂದೊಂದು’ ಆಗಿದೆ. ಆಟಿಕೆ ನಿಜವಾದ ಪಿಸ್ತೂಲಾಗಿದೆ. ಕಥೆಗಾರರು ನಡೆದದ್ದನ್ನು ಬದಲಾಯಿಸಬಾರದು ಎಂದು ನಾನು ಹೇಳುವುದಿಲ್ಲ. ಆದರೆ ನೀವು ಮಾಡಿದ ಒಂದೊಂದು ಬದಲಾವಣೆಯೂ ಗಿರಾಕಿಯ ಹೊರೆ ಇಳಿಸುವುದಕ್ಕೇ ಆಗಿದೆ. ಕಳ್ಳನ ಕೈಯಲ್ಲಿರುವುದು ಆಟಿಕೆ ಅಂತ ಹೊಡೆಯುವ ಮುಂಚೆ ಹ್ಯೂಸ್ಟನ್ನಿನ ಆ ಗಿರಾಕಿಗೆ ತಿಳಿಯುವ ದಾರಿ ಇರಲಿಲ್ಲ. ಹೊಡೆದಾದ ಮೇಲೆ ಅದನ್ನು ಕೈಯಲ್ಲಿ ಹಿಡಿದ. ಎಷ್ಟು ಹಗುರ ಇತ್ತು ಅದು? ನಿಮ್ಮ ಕಥೆ ಇರುವುದೇ ಅಲ್ಲಿ. ಅದನ್ನೇ ನೀವು ಕಿತ್ತುಹಾಕಿದ್ದೀರಿ.

ಎಷ್ಟು ಸಲ ಹೊಡೆದ ಅನ್ನುವುದನ್ನು ಅಮೆರಿಕದ ಕೋರ್ಟುಗಳೂ ಎಣಿಸುತ್ತವೆ. 2009ರ ಮೇ ತಿಂಗಳಲ್ಲಿ ಒಕ್ಲಹೋಮ ಸಿಟಿಯ ಔಷಧಿ ಅಂಗಡಿಯೊಂದಕ್ಕೆ ಇಬ್ಬರು ಹುಡುಗರು ನುಗ್ಗಿದರು. ಒಬ್ಬನ ಕೈಯಲ್ಲಿ ಪಿಸ್ತೂಲಿತ್ತು. ಔಷಧಿ ಅಂಗಡಿಯವರು ಇನ್ನೊಬ್ಬನ ತಲೆಗೆ ಹೊಡೆದು ಬೀಳಿಸಿದರು, ಪಿಸ್ತೂಲಿದ್ದವನನ್ನು ಬೀದಿಯವರೆಗೆ ಅಟ್ಟಿಸಿಕೊಂಡು ಹೋದರು, ವಾಪಸು ಬಂದರು. ಬಿದ್ದಿದ್ದವನ ಪಕ್ಕದಲ್ಲೇ ಹಾದು ಹೋಗಿ, ಡ್ರಾಯರಿನಿಂದ ಇನ್ನೊಂದು ಪಿಸ್ತೂಲು ತೆಗೆದು, ಅವನಿಗೆ ಮತ್ತೆ ಐದು ಸಲ ಹೊಡೆದರು. ಆ ಹುಡುಗನಿಗೆ ಹದಿನಾರು ವರ್ಷ. ಅವನ ಕೈಯಲ್ಲಿ ಆಯುಧವಿರಲಿಲ್ಲ. ಮೊದಲ ಗುಂಡನ್ನು ಆತ್ಮರಕ್ಷಣೆ ಎಂದು ಸರ್ಕಾರಿ ವಕೀಲರೂ ಒಪ್ಪಿದ್ದರು. ಆಮೇಲಿನ ಐದಕ್ಕಾಗಿ 2011ರಲ್ಲಿ ಕೊಲೆ ಎಂದು ತೀರ್ಮಾನವಾಗಿ ಜೀವಾವಧಿ ಶಿಕ್ಷೆಯಾಯಿತು.

ಟೆಕ್ಸಾಸಿನ ಕಾನೂನು ಬೇರೆ. ಸುಲಿಗೆ ಮಾಡಿ ದುಡ್ಡು ಹಿಡಿದು ಓಡುತ್ತಿರುವವನನ್ನು ತಡೆಯಲು ಕೂಡ, ಕೆಲವು ಷರತ್ತುಗಳ ಮೇಲೆ, ಪ್ರಾಣ ತೆಗೆಯಬಲ್ಲ ಬಲ ಬಳಸಲು ಅದು ಅವಕಾಶ ಕೊಡುತ್ತದೆ. ಹಾಗಾಗಿ ನಿಮ್ಮ ಗಿರಾಕಿಯನ್ನು ಅಪರಾಧಿ ಮಾಡಿ ಎಂದು ನಾನು ಕೇಳುತ್ತಿಲ್ಲ, ವೀರ ಮಾಡಬೇಡಿ ಎಂದೂ ಹೇಳುತ್ತಿಲ್ಲ. ಮೊದಲ ಗುಂಡು ಹಾರಿಸಿದವನಿಗೆ ಐದನೆಯ ಗುಂಡು ಹಾರಿಸುವಾಗ ಏನು ಕಾಣುತ್ತಿತ್ತು ಎಂದು ಬರೆಯಿರಿ. ಕೆಳಗೆ ಬಿದ್ದವನ ಕೈ ಅಲುಗಿತೇ? ಅಲುಗಿತು ಎಂದು ಇವನಿಗೆ ಅನಿಸಿತೇ? ಅಥವಾ ಬೆರಳು ನಿಲ್ಲಲಿಲ್ಲವೇ? ಬಿಡಿಸಿ ಬರೆದರೆ ಎರಡು ಪುಟವಾದರೂ ಆಗುತ್ತದೆ. ಅದನ್ನು ನೀವು ‘ಸಿಡಿದವು’ ಎಂಬ ಒಂದು ಮಾತಿನಲ್ಲಿ ದಾಟಿದ್ದೀರಿ.

ಚಪ್ಪಾಳೆಯ ಸಾಲನ್ನು ನಾನೇ ಹೊಡೆದುಹಾಕಿದ್ದೇನೆ. ಮುಚ್ಚಿದ ಕೋಣೆಯಲ್ಲಿ ಅಷ್ಟು ಸಲ ಪಿಸ್ತೂಲು ಹೊಡೆದರೆ ಕಿವಿ ಗುಂಯ್‌ಗುಡುತ್ತ ಮರಗಟ್ಟುತ್ತದೆ. ಪಕ್ಕದವರ ಮಾತು ಕೂಡ ಕೇಳಿಸುವುದಿಲ್ಲ. ಹೊಡೆದವನಿಗೋ, ಆ ಗಾಬರಿಯಲ್ಲಿ ಎಷ್ಟೋ ಸಲ ತನ್ನದೇ ಗುಂಡಿನ ಸದ್ದು ಕೇಳಿರುವುದಿಲ್ಲವಂತೆ. ನಿಮ್ಮ ಹಾಸನದ ಹುಡುಗ ಕೌಂಟರಿನ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಿದ್ದಾನೆ, ಅವನ ಫೋನಿನಲ್ಲಿ ಅಮ್ಮ ಇನ್ನೂ ‘ಹಲೋ’ ಅನ್ನುತ್ತಿದ್ದಾಳೆ. ಆ ಫೋನನ್ನು ಆರನೆಯ ಪುಟದಲ್ಲಿ ನೀವೇ ಆನ್ ಇಟ್ಟು ಮರೆತಿದ್ದೀರಿ. ಅಮ್ಮನಿಗೆ ಏನು ಕೇಳಿಸಿತು?

ಮಿಕ್ಕ ಸಣ್ಣಪುಟ್ಟವನ್ನು ಬಿಡುತ್ತೇನೆ, ಮೂರನೆಯ ಪುಟದ ಎರಡು ಸಾಲು ಬಿಟ್ಟು. ‘ಟೆಕ್ಸಾಸಿನಲ್ಲಿ ಅಜ್ಜನ ಕಾಲದಿಂದ ಎಲ್ಲರ ಸೊಂಟದಲ್ಲೂ ಗನ್ನು’ ಎಂದು ಮುದುಕನೊಬ್ಬನ ಬಾಯಲ್ಲಿ ಹೇಳಿಸಿದ್ದೀರಿ. ಅಲ್ಲಿ ಸಾಮಾನ್ಯ ಜನ ಪಿಸ್ತೂಲು ಇಟ್ಟುಕೊಂಡು ಓಡಾಡುವುದಕ್ಕೆ 1871ರಿಂದಲೇ ನಿರ್ಬಂಧ ಇತ್ತು. 1991ರ ಅಕ್ಟೋಬರಿನಲ್ಲಿ ಕಿಲೀನ್ ಊರಿನ ಲೂಬೀಸ್ ಕೆಫೆಟೇರಿಯದಲ್ಲಿ ಒಬ್ಬ 23 ಜನರನ್ನು ಕೊಂದ. ಆ ಕಾನೂನಿಗೆ ಹೆದರಿ ತನ್ನ ರಿವಾಲ್ವರನ್ನು ಕಾರಿನಲ್ಲೇ ಬಿಟ್ಟು ಬಂದಿದ್ದ ಸುಝನ್ನಾ ಹಪ್ ಅಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡರು. ಕಾನೂನು ಬದಲಾಗಲಿ ಎಂದು ಹೋರಾಡಿದವರಲ್ಲಿ ಅವರು ಮುಂಚೂಣಿಯಲ್ಲಿದ್ದರು. ಲೈಸೆನ್ಸು ಪಡೆದು ಮುಚ್ಚಿಟ್ಟುಕೊಂಡು ಓಡಾಡಲು ಅನುಮತಿ ಸಿಕ್ಕಿದ್ದು 1996ರಿಂದ. ಇಪ್ಪತ್ತೊಂದು ದಾಟಿದ ಬಹುಪಾಲು ಜನರಿಗೆ ಲೈಸೆನ್ಸೂ ಬೇಡ ಅಂತಾಗಿದ್ದು 2021ರ ಸೆಪ್ಟೆಂಬರಿನಿಂದ. ಆ ಮುದುಕನಿಗೆ ಇದೆಲ್ಲ ನೆನಪಿರಬೇಕಾದ ವಯಸ್ಸು. ಅವನೇ ಮತ್ತೆ ‘ವರ್ಷಕ್ಕೆ 25 ಲಕ್ಷ ಜನ ಗನ್ನಿನಿಂದ ಬದುಕಿಕೊಳ್ಳುತ್ತಾರೆ’ ಅನ್ನುತ್ತಾನೆ. ಅದು ಅಪರಾಧಶಾಸ್ತ್ರಜ್ಞರಾದ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗರ್ಟ್ಸ್ ಫೋನಿನಲ್ಲಿ ಜನರನ್ನು ಕೇಳಿ 1995ರಲ್ಲಿ ಪ್ರಕಟಿಸಿದ ಅಂದಾಜು. ಅಲ್ಲಿನ ಸರ್ಕಾರವೇ ನಡೆಸುವ ಅಪರಾಧ ಸಮೀಕ್ಷೆಯಲ್ಲಿ ಸಿಗುವ ಸಂಖ್ಯೆ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಆ ಜಗಳ ಇನ್ನೂ ಮುಗಿದಿಲ್ಲ. ಕಾಫಿ ಲೋಟದ ಮುಂದೆ ಕೂತವನ ಬಾಯಿಗೆ ಅದನ್ನು ತುರುಕಬೇಡಿ.

ಕಥೆಯನ್ನು ವಾಪಸು ಕಳಿಸುತ್ತಿದ್ದೇನೆ, ಅಸ್ವೀಕೃತ ಎಂದು ಬರೆದಿಲ್ಲ. ಒಂದರಿಂದ ಆರನೆಯ ಪುಟದವರೆಗೆ ಮೂರನೆಯ ಪುಟದ ಆ ಎರಡು ಸಾಲು ಬಿಟ್ಟು ಬೇರೇನೂ ಮುಟ್ಟಬೇಡಿ. ಏಳನೆಯ ಪುಟ ಮಾತ್ರ ಹೊಸದಾಗಿ ಬರೆಯಿರಿ, ಎಷ್ಟುದ್ದವಾದರೂ ಪರವಾಗಿಲ್ಲ, ಜಾಗ ಮಾಡಿಕೊಡುತ್ತೇನೆ. ದೀಪಾವಳಿ ಸಂಚಿಕೆಯ ಪುಟಗಳು ಕಟ್ಟುವುದಕ್ಕೆ ಇನ್ನು ಏಳು ವಾರವಿದೆ. ಈ ಸಲ ಪಿಡಿಎಫ್ ಬೇಡ, ಯೂನಿಕೋಡಿನಲ್ಲೇ ಕಳಿಸಿ.

ನಿಮ್ಮ,
ಸಂಪಾದಕ