ಮಾರ್ಖೋರಿನ ಲೆಕ್ಕ, ಆನೆಯ ಲೆಕ್ಕ

ಕಾಸರಗೋಡು ಜಿಲ್ಲೆಯ ಅಡೂರಿನ ಅಡಿಕೆ ಕೃಷಿಕರೊಬ್ಬರು (ಹೆಸರು ಬೇಡವೆಂದಿದ್ದಾರೆ) ಬರೆದ ಪತ್ರದ ತಿರುಳು ಇಷ್ಟು: ‘ಬೇಟೆಯಿಂದ ಯಾವ ಪ್ರಾಣಿಯೂ ಉಳಿದದ್ದಿಲ್ಲ ಎಂದು ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದು ತಪ್ಪು. ನಮೀಬಿಯಾದಲ್ಲಿ ಶ್ರೀಮಂತರಿಗೆ ಬೇಟೆಯ ಪರವಾನಗಿ ಮಾರಿ ಬಂದ ಹಣದಿಂದ ಖಡ್ಗಮೃಗವನ್ನು ಕಾಯುತ್ತಾರೆ. ನಮ್ಮ ತೋಟ ಹಾಳು ಮಾಡುವ ಆನೆಗಳಲ್ಲಿ ವರ್ಷಕ್ಕೊಂದನ್ನು ಹಾಗೆ ಮಾರಿದರೆ ಉಳಿದವಕ್ಕೂ ನಮಗೂ ಒಳ್ಳೆಯದಲ್ಲವೇ?’

ನನ್ನ ಆ ವಾಕ್ಯ ಅವಸರದ್ದು, ಹಿಂದೆಗೆದುಕೊಳ್ಳುತ್ತೇನೆ. ನಿಮ್ಮ ವಾದಕ್ಕೆ ನಮೀಬಿಯಾಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬಲೂಚಿಸ್ತಾನದ ತೋರ್ಘರ್ ಬೆಟ್ಟಗಳಲ್ಲಿದೆ. ಕೊಂಬು ತಿರುಚಿಕೊಂಡ ಕಾಡುಮೇಕೆ ಮಾರ್ಖೋರ್, 1980ರ ದಶಕದ ನಡುವಿಗೆ ಅಲ್ಲಿ ನೂರು ಕೂಡ ಉಳಿದಿರಲಿಲ್ಲವೆಂಬುದು ಅಂದಾಜು. ಊರವರು ತಮ್ಮ ಬೇಟೆ ನಿಲ್ಲಿಸಿದರು. ನಿನ್ನೆಯ ಬೇಟೆಗಾರರೇ ಸಂಬಳದ ಕಾವಲುಗಾರರಾದರು. ಆ ಸಂಬಳ ಬಂದದ್ದು, ಬೆರಳೆಣಿಕೆಯಷ್ಟು ಮುದಿ ಗಂಡುಗಳನ್ನು ಹೊಡೆಯಲು ಹೊರದೇಶದವರು ತೆತ್ತ ಶುಲ್ಕದಿಂದ. ಇಪ್ಪತ್ತು ವರ್ಷಗಳಲ್ಲಿ ಸಂಖ್ಯೆ ಎರಡು ಸಾವಿರ ದಾಟಿತು. ಪಾಕಿಸ್ತಾನದಲ್ಲಿ ಇಂದಿಗೂ ಇಂಥ ಶುಲ್ಕದ ಶೇ. 80 ಭಾಗ ಸ್ಥಳೀಯರಿಗೇ ಸಲ್ಲುತ್ತದೆ.

ನಮೀಬಿಯಾದಲ್ಲೂ ಮೊದಲು ಬಂದದ್ದು ಕೋವಿಯಲ್ಲ, 1996ರ ಕಾಯಿದೆ. ಸಂಘ ಕಟ್ಟಿಕೊಂಡ ಊರುಗಳಿಗೆ ತಮ್ಮ ನೆಲದ ವನ್ಯಜೀವಿಗಳಿಂದ ಬರುವ ಆದಾಯದ ಹಕ್ಕನ್ನು ಅದು ಕೊಟ್ಟಿತು. 2014ರಲ್ಲಿ ಅಮೆರಿಕದ ಹರಾಜೊಂದರಲ್ಲಿ ಅಲ್ಲಿನ ಒಂದು ಕಪ್ಪು ಖಡ್ಗಮೃಗದ ಪರವಾನಗಿ 3,50,000 ಡಾಲರಿಗೆ ಹೋದಾಗ, ಗುರಿಯಾಗಿದ್ದುದು ಸಂತತಿಯ ಕಾಲ ಮುಗಿದ ಮುದಿ ಗಂಡು.

ಈಗ ಆನೆಗೆ ಬರೋಣ. ಹಣ ಕೊಟ್ಟು ಬರುವವನು ತೋಟಕ್ಕೆ ನುಗ್ಗುವ ಹೆಣ್ಣಾನೆಯನ್ನು ಕೇಳುವುದಿಲ್ಲ, ದೊಡ್ಡ ದಂತದ ಸಲಗವನ್ನೇ ಕೇಳುತ್ತಾನೆ. ನಮ್ಮ ಆನೆಗಳಲ್ಲಿ ಆ ದಂತವಿರುವುದು ಗಂಡಿಗೆ ಮಾತ್ರ. ಕಳ್ಳಬೇಟೆಯವರು ಪೆರಿಯಾರ್ ಕಾಡಿನಲ್ಲಿ ದಶಕಗಳ ಕಾಲ ಇದೇ ಆಯ್ಕೆ ಮಾಡಿದ್ದರಿಂದ, 1980ರ ದಶಕದ ಕೊನೆಗೆ ಅಲ್ಲಿ ಸುಮಾರು ನೂರು ಹೆಣ್ಣಿಗೆ ಒಂದು ಪ್ರಾಯದ ಗಂಡು ಉಳಿದಿತ್ತು. ಕಾರಡ್ಕ, ದೇಲಂಪಾಡಿ ಕಡೆ ಬಂದು ಹೋಗುವ ಆನೆಗಳೋ ಕೆಲವೇ ಕೆಲವು, ಕರ್ನಾಟಕದ ಕಾಡಿಗೂ ಸೇರಿದವು. ಅವುಗಳಲ್ಲಿ ಮಾರಲು ‘ಹೆಚ್ಚುವರಿ’ ಎಂಬುದು ಯಾವುದು? ಕಾನೂನಿನ ಮಾತನ್ನು ನಾನು ಎತ್ತುವುದೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆದರೆ ನಿಮ್ಮ ಪತ್ರದೊಳಗಿನ ಸಿಟ್ಟು ನ್ಯಾಯವಾದದ್ದು. ಹಂದಿಯ ವಿಷಯವನ್ನೇ ನೋಡಿ. 2022ರಲ್ಲಿ ಕೇರಳ ಸರಕಾರ ತೋಟಕ್ಕಿಳಿಯುವ ಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತು. ಆದರೆ ಕೊಂದ ಹಂದಿಯ ಮಾಂಸ ಮುಟ್ಟುವಂತಿಲ್ಲ, ಹೂಳಬೇಕು. ಬದುಕಿದ್ದರೆ ನಷ್ಟ, ಸತ್ತರೆ ಗುಂಡಿ ತೋಡುವ ಕೆಲಸ! ತೋರ್ಘರಿನವನಿಗೆ ಬೆಟ್ಟದ ಮೇಲಿನ ಮೇಕೆ ಕಂಡಾಗ ಮಗುವಿನ ಶಾಲೆಯ ಶುಲ್ಕ ನೆನಪಾಗಬಹುದು. ನಿಮಗೆ ಬೆಳಗಾತ ತೋಟದಲ್ಲಿ ಕಾಣುವುದು ಸೀಳಿ ತಿರುಳು ತಿಂದುಬಿಟ್ಟ ಬಾಳೆ, ಬುಡಸಮೇತ ಮಗುಚಿದ ಐದು ವರ್ಷದ ಅಡಿಕೆ ಸಸಿ. ಹಾಗಾಗಿ ತೋರ್ಘರಿನಿಂದ ನಾವು ತರಬೇಕಾದುದು ಕೋವಿಯನ್ನಲ್ಲ, ಕಾವಲಿನ ಸಂಬಳವನ್ನು. ಕಳೆದ ಮಳೆಗಾಲದಲ್ಲಿ ನಿಮ್ಮ ಕಡೆ ಬಂದಿದ್ದಾಗ ಆನೆ ತಡೆಯುವ ಸೌರ ತೂಗುಬೇಲಿಯ ತಂತಿಗಳಿಗೆ ಒಂದೆಡೆ ಕಾಡುಬಳ್ಳಿ ಹಬ್ಬಿ, ವಿದ್ಯುತ್ತೇ ಹರಿಯುತ್ತಿರಲಿಲ್ಲ. ಅದನ್ನು ಸವರಲು ದಿನಗೂಲಿಯ ಒಬ್ಬರು ಸಾಕಿತ್ತು, ಆ ಕೂಲಿ ಯಾರ ಲೆಕ್ಕಕ್ಕೆ ಎಂಬುದೇ ತೀರ್ಮಾನವಾಗಿರಲಿಲ್ಲ.

ಬೆಳೆನಷ್ಟದ ಪರಿಹಾರಕ್ಕೆ ತಾವು ಸಲ್ಲಿಸಿದ ಅರ್ಜಿಗಳ ಪ್ರತಿ, ದಿನಾಂಕ ಸಹಿತ, ಇದ್ದರೆ ಕಳುಹಿಸಿಕೊಡಿ. ಹೆಸರಿಲ್ಲದೆ ಪ್ರಕಟಿಸುತ್ತೇವೆ.

— ಸಂಪಾದಕ